ಇಷ್ಟವಾಗಲಿಲ್ಲ ಎನ್ನುವ ಓದುಗರೂ ಬೇಕು

ಹೈಸ್ಕೂಲಿನಿಂದ ದ್ವಿತೀಯ ಪಿಯುಸಿವರೆಗಿನ ಯಾವುದಾದರೂ ಒಂದು ಕನ್ನಡ ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡಿ. ಈ ಮಾತನ್ನು ಯಾರು ಯಾರಿಗೆ ಹೇಳಿದರು, ಸಂದರ್ಭದೊಡನೆ ವಿವರಿಸಿ, ಲೇಖಕರು ಈ ಪಾತ್ರವನ್ನು ಎಷ್ಟು ಮನೋಜ್ಞವಾಗಿ ಚಿತ್ರಿಸಿದ್ದಾರೆ, ಕವಿತೆಯ ಸೌಂದರ್ಯವನ್ನು ನಿರೂಪಿಸಿ. ಪಾತ್ರ ಮನೋಜ್ಞವಾಗಿದೆ, ಕವಿತೆ ಸುಂದರವಾಗಿದೆ ಎಂಬ ತೀರ್ಪು ಪ್ರಶ್ನೆಯಲ್ಲೇ ಬಂದುಬಿಟ್ಟಿರುತ್ತದೆ. ವಿದ್ಯಾರ್ಥಿಗೆ ಉಳಿಯುವುದು ಆ ತೀರ್ಪಿಗೆ ಹತ್ತು ಸಾಲಿನ ಸಮರ್ಥನೆ ಬರೆಯುವ ಕೆಲಸ ಮಾತ್ರ. ಅಲ್ಲೊಂದು ಇಲ್ಲೊಂದು ಕಡೆ ‘ನಿಮ್ಮ ಅಭಿಪ್ರಾಯವೇನು’ ಎಂಬ ಪ್ರಶ್ನೆಯೂ ಕಾಣಿಸುತ್ತದೆ, ನಿಜ. ಆದರೆ ಆ ಅಭಿಪ್ರಾಯಕ್ಕೂ ಗೈಡಿನಲ್ಲಿ ಮಾದರಿ ಉತ್ತರ ಅಚ್ಚಾಗಿರುತ್ತದೆ, ಮಕ್ಕಳು ಅದನ್ನೂ ಬಾಯಿಪಾಠ ಮಾಡುತ್ತಾರೆ. ಹೀಗೆ ಎಂಟನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗೆ ಸಾಹಿತ್ಯ ಓದುವ ಹುಡುಗ ಹುಡುಗಿಯರನ್ನು, ನೀನು ಓದಿದ್ದು ನಿನಗೆ ಹಿಡಿಸಿತೇ, ಹಿಡಿಸದಿದ್ದರೆ ಏಕೆ ಎಂದು ಯಾರೂ ಕೇಳುವುದಿಲ್ಲ. ಐದು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಅವರು ತಾವಾಗಿ ಕೇಳಿಕೊಳ್ಳುವುದನ್ನೂ ಬಿಡುತ್ತಾರೆ. ಹದಿಹರೆಯದವರು ತಾವೇ ಆರಿಸಿಕೊಂಡು ಓದಿದ ಕಾದಂಬರಿಯ ಬಗ್ಗೆ ತಮ್ಮ ವಾರಿಗೆಯವರ ಎದುರು ಅಭಿಪ್ರಾಯ ಹೇಳುವುದಕ್ಕೆ ಪ್ರತಿ ಶಾಲೆಯಲ್ಲೂ ಪ್ರತಿ ಊರಿನ ಗ್ರಂಥಾಲಯದಲ್ಲೂ ಜಾಗ ಇರಬೇಕು. ಆ ಜಾಗದಲ್ಲಿ ಅಂಕ ಇರಬಾರದು. ‘ಇಷ್ಟವಾಗಲಿಲ್ಲ’ ಎನ್ನುವ ಮಾತಿಗೆ ‘ಬಹಳ ಚೆನ್ನಾಗಿದೆ’ ಎನ್ನುವ ಮಾತಿನಷ್ಟೇ ಮನ್ನಣೆ ಸಿಗಬೇಕು. ಇದು ಬಿಡುವಿನ ವೇಳೆಯ ಚಟುವಟಿಕೆ ಎಂದು ಬದಿಗಿಡುವ ಸಂಗತಿಯಲ್ಲ ಎಂಬುದೇ ಈ ಲೇಖನದ ವಾದ.

ಮೊದಲು ಓದಿನ ಮಾತು. 15 ವರ್ಷದ ಮಕ್ಕಳ ಕಲಿಕೆಯನ್ನು ದೇಶದೇಶಗಳಲ್ಲಿ ಅಳೆಯುವ ‘ಪಿಸಾ’ ಸಮೀಕ್ಷೆಯ ಮೊದಲ ಸುತ್ತು ನಡೆದದ್ದು 2000ದಲ್ಲಿ. ಅದರ ಓದಿನ ಫಲಿತಾಂಶಗಳನ್ನು ಬಗೆದು ನೋಡಿದ ವರದಿ 2002ರಲ್ಲಿ ಹೊರಬಂತು. ತಂದೆತಾಯಿಯ ಉದ್ಯೋಗದ ಅಂತಸ್ತು ತೀರ ಕೆಳಗಿದ್ದರೂ ಓದಿನಲ್ಲಿ ಮುಳುಗಿರುತ್ತಿದ್ದ ಮಕ್ಕಳ ಸರಾಸರಿ ಅಂಕ 540. ಒಳ್ಳೆಯ ಉದ್ಯೋಗದಲ್ಲಿರುವ ತಂದೆತಾಯಿಯ, ಆದರೆ ಓದಿನ ಗೊಡವೆಗೇ ಹೋಗದ ಮಕ್ಕಳ ಸರಾಸರಿ 491. ಹುಟ್ಟಿದ ಮನೆಯನ್ನು ಬದಲಾಯಿಸಲು ಯಾವ ಮೇಷ್ಟ್ರಿಗೂ ಆಗುವುದಿಲ್ಲ, ಓದಿನ ರುಚಿ ಹತ್ತಿಸುವುದು ಆಗಬಹುದು ಎನ್ನುವವರಿಗೆ ಇದಕ್ಕಿಂತ ದೊಡ್ಡ ಬೆಂಬಲ ಬೇಕಿಲ್ಲ. ಎಲ್ಲ ಓದೂ ಒಂದೇ ಅಲ್ಲ ಎಂಬುದು ಮುಂದೆ ತಿಳಿಯಿತು. ಲಂಡನ್ನಿನ ಜಾನ್ ಜೆರಿಮ್ ಮತ್ತು ಜೆಮ್ಮಾ ಮಾಸ್ ಎಂಬ ಸಂಶೋಧಕರು ಅದೇ ಪಿಸಾದ ದತ್ತಾಂಶ ಹಿಡಿದು, 35 ದೇಶಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಓದಿನ ಅಭ್ಯಾಸವನ್ನು ಪರಿಶೀಲಿಸಿದರು. ಕಥೆ ಕಾದಂಬರಿಗಳನ್ನು ಆಗಾಗ ಓದುವ ಮಕ್ಕಳ ಓದಿನ ಸಾಮರ್ಥ್ಯ ಎದ್ದು ಕಾಣುವಷ್ಟು ಹೆಚ್ಚಿತ್ತು. ಪತ್ರಿಕೆ, ಕಾಮಿಕ್ಸ್‌ಗಳ ಓದಿನಿಂದ ಆ ವ್ಯತ್ಯಾಸ ಕಾಣಲಿಲ್ಲ. ಚೆನ್ನಾಗಿ ಓದಬಲ್ಲವರೇ ಕಾದಂಬರಿಯತ್ತ ಹೋಗಿರಬಹುದಲ್ಲ ಎಂದು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಇಂಥ ಸಮೀಕ್ಷೆಗಳು ಎರಡು ಸಂಗತಿಗಳು ಜೊತೆಯಲ್ಲಿರುವುದನ್ನು ತೋರಿಸುತ್ತವೆಯೇ ಹೊರತು ಯಾವುದು ಯಾವುದಕ್ಕೆ ಕಾರಣ ಎಂದು ಸಾಧಿಸುವುದಿಲ್ಲ. ಆದರೂ ಮುನ್ನೂರು ಪುಟದ ಕಥೆಯೊಂದರಲ್ಲಿ ಹತ್ತು ಪಾತ್ರಗಳ ಜಾಡು ಹಿಡಿದು ಹೋಗುವುದು, ಐವತ್ತನೇ ಪುಟದಲ್ಲಿ ಬಂದದ್ದನ್ನು ಇನ್ನೂರನೇ ಪುಟದಲ್ಲಿ ನೆನಪಿಗೆ ತಂದುಕೊಳ್ಳುವುದು, ಹೇಳದೆ ಬಿಟ್ಟದ್ದನ್ನು ಊಹಿಸುವುದು ಅಭ್ಯಾಸದಿಂದಲೇ ಬರುವ ಕೌಶಲಗಳು. ಅಭ್ಯಾಸಕ್ಕೆ ಮನಸ್ಸು ಬೇಕು. ತಾನೇ ಆರಿಸಿದ ಪುಸ್ತಕದ ಮೇಲೆ ಮನಸ್ಸು ನಿಲ್ಲುವಷ್ಟು ಹೇರಿದ ಪುಸ್ತಕದ ಮೇಲೆ ನಿಲ್ಲುವುದಿಲ್ಲ.

ಹಾಗಾದರೆ ಪುಸ್ತಕ ಕೊಟ್ಟು ಸುಮ್ಮನಿದ್ದರೆ ಸಾಲದೇ, ಅಭಿಪ್ರಾಯ ಹೇಳಿಸುವುದು ಏಕೆ? ಒಬ್ಬರೇ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಬಹುಮಟ್ಟಿಗೆ ಒಂದು ಹಿತವೋ ಒಂದು ಕಸಿವಿಸಿಯೋ ಅಷ್ಟೇ. ಅದಕ್ಕೆ ಕಾರಣ ಹುಡುಕುವ ಅಗತ್ಯ ಬೀಳುವುದು ಇನ್ನೊಬ್ಬರು ಎದುರು ಕೂತು ‘ಏನಿದೆ ಅದರಲ್ಲಿ’ ಎಂದಾಗ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನೇ ತೆಗೆದುಕೊಳ್ಳಿ, 1980ರಲ್ಲಿ ಬಂದ ಈ ಕಾದಂಬರಿ ಇವತ್ತಿಗೂ ಹದಿಹರೆಯದವರ ಕೈಗೆ ತಾನಾಗಿ ಸೇರುವ ಕನ್ನಡದ ಕೆಲವೇ ಪುಸ್ತಕಗಳಲ್ಲಿ ಒಂದು. ಹಾರುವ ಓತಿಯನ್ನು ಹುಡುಕಿಕೊಂಡು ವಿಜ್ಞಾನಿ ಕರ್ವಾಲೊ, ಹಳ್ಳಿಯ ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ರಭಾಕರ, ನಾಯಿ ಕಿವಿ ಎಲ್ಲ ಕಾಡು ಹೊಕ್ಕು, ಕಷ್ಟಪಟ್ಟು ಅದನ್ನು ಕಂಡ ಮೇಲೆ ಅದು ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ‘ಇಷ್ಟೆಲ್ಲ ಓದಿಸಿ ಕೊನೆಗೆ ಓತಿ ಸಿಗಲೇ ಇಲ್ಲ, ಮೋಸ’ ಎಂದು ಒಂಬತ್ತನೇ ತರಗತಿಯ ಹುಡುಗನೊಬ್ಬ ದೂರಬಹುದು. ಮೇಷ್ಟ್ರಾದವರು ಅಲ್ಲಿಯೇ ತಡೆದು, ಪ್ರಕೃತಿಯ ರಹಸ್ಯ ಮನುಷ್ಯನಿಗೆ ನಿಲುಕದು ಎಂಬುದೇ ಕೃತಿಯ ಸಂದೇಶ ಎಂದು ಬರೆಸಿಬಿಟ್ಟರೆ ಮಾತು ಅಲ್ಲಿಗೆ ಮುಗಿಯಿತು. ಹುಡುಗನ ಬೇಸರವೂ ಹೋಗಲಿಲ್ಲ, ಕಾದಂಬರಿಯೂ ಅವನದಾಗಲಿಲ್ಲ. ಪಕ್ಕದಲ್ಲಿ ಕೂತ ಹುಡುಗಿ ‘ಹಿಡಿದು ಪೆಟ್ಟಿಗೆಯಲ್ಲಿ ಹಾಕಿದ್ದರೆ ನಿನಗೆ ಖುಷಿಯಾಗುತ್ತಿತ್ತಾ’ ಎಂದು ಕೇಳಿದಳೆನ್ನಿ. ಅವನು ಈಗ ಯೋಚಿಸಬೇಕು. ತನಗೆ ಬೇಕಾಗಿದ್ದದ್ದು ಓತಿಯೋ, ಹುಡುಕಾಟವೋ, ಗೆದ್ದೆವು ಎನ್ನುವ ಸಮಾಧಾನವೋ? ಇನ್ನೊಬ್ಬ, ನನಗೆ ಓತಿಗಿಂತ ಮಂದಣ್ಣನೇ ಮುಖ್ಯ, ಓದು ಬರಹದಲ್ಲಿ ಹಿಂದಿರುವ ಅವನಲ್ಲಿ ಒಬ್ಬ ನಿಸರ್ಗತಜ್ಞನನ್ನು ಕರ್ವಾಲೊ ಗುರುತಿಸಿದರಲ್ಲ, ನಮ್ಮ ತರಗತಿಯ ಕೊನೆಯ ಬೆಂಚಿನವರನ್ನು ಹಾಗೆ ಗುರುತಿಸುವವರು ಯಾರಿದ್ದಾರೆ ಎಂದು ತೆಗೆಯಬಹುದು. ಮೂವರೂ ತಮ್ಮ ಮಾತಿಗೆ ಪುಟ ತೆರೆದು ತೋರಿಸಬೇಕಾಗುತ್ತದೆ. ವಿಮರ್ಶೆ ಎಂದು ನಾವು ಗೌರವದಿಂದ ಕರೆಯುವ ಕೆಲಸದ ಮೊದಲ ಮೆಟ್ಟಿಲು ಇದೇ, ಅದನ್ನು ಹತ್ತಿದ್ದು ‘ಮೋಸ’ ಎನ್ನುವ ಒಂದು ದೂರಿನಿಂದ.

ದೊಡ್ಡವರ ಭಿನ್ನಾಭಿಪ್ರಾಯಕ್ಕೂ ವಾರಿಗೆಯವರ ಭಿನ್ನಾಭಿಪ್ರಾಯಕ್ಕೂ ಇರುವ ಅಂತರ ಇಲ್ಲಿದೆ. ಮೇಷ್ಟ್ರು ಒಪ್ಪದಿದ್ದರೆ ಮಗು ತನ್ನದು ತಪ್ಪು ಎಂದುಕೊಳ್ಳುತ್ತದೆ. ಗೆಳತಿ ಒಪ್ಪದಿದ್ದರೆ ವಾದಕ್ಕಿಳಿಯುತ್ತದೆ, ವಾದಕ್ಕಾಗಿ ಪುಸ್ತಕಕ್ಕೆ ಮರಳುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಉಳಲು ಸ್ವಂತದ್ದೊಂದು ತುಂಡು ನೆಲ ಬೇಕೆಂಬ ಚೋಮನ ಆಸೆ, ಅದಕ್ಕೆ ಅಡ್ಡಬರುವ ಜಾತಿ, ಅವನ ಸಿಟ್ಟು ಸಂಕಟಗಳನ್ನೆಲ್ಲ ಹೊರುವ ದುಡಿ, ಇವುಗಳ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರೆದಾಗಿದೆ. ಆದರೆ ಹದಿನಾರರ ಹುಡುಗಿಯೊಬ್ಬಳು ಇದನ್ನು ತಾನಾಗಿ ಓದಿದಾಗ ಅವಳ ಕಣ್ಣು ಚೋಮನ ಮಗಳು ಬೆಳ್ಳಿಯ ಮೇಲೆ ನೆಡುವುದು ಸಹಜ. ಅಪ್ಪನ ಸಾಲಕ್ಕಾಗಿ ಕಾಫಿ ತೋಟಕ್ಕೆ ಹೋಗಿ ದುಡಿಯುವವಳು ಅವಳು, ಆ ಸಾಲಕ್ಕೆ ತನ್ನ ಮೈಯನ್ನೇ ತೆರಬೇಕಾದವಳೂ ಅವಳೇ. ಕಾದಂಬರಿಗೆ ಚೋಮನ ಹೆಸರೇಕೆ, ಬೆಳ್ಳಿಯ ಹೆಸರೇಕಿಲ್ಲ ಎಂದು ಅವಳು ಕೇಳಿದರೆ ಅದನ್ನು ಎಳಸು ಮಾತೆಂದು ತಳ್ಳುವಂತಿಲ್ಲ. ಸ್ತ್ರೀವಾದಿ ಓದು ವಿಶ್ವವಿದ್ಯಾಲಯಗಳಲ್ಲಿ ಕೇಳುವ ಪ್ರಶ್ನೆಯೇ ಅದು. ಅವಳಿಗೆ ಪರಿಭಾಷೆ ಗೊತ್ತಿಲ್ಲ, ನೋಟ ಇದೆ. ಆ ನೋಟ ಉಳಿದು ಬೆಳೆಯಬೇಕಾದರೆ ಅದನ್ನು ಗಟ್ಟಿಯಾಗಿ ಹೇಳಿದ ದಿನ ಯಾರಾದರೂ ಕಿವಿಗೊಟ್ಟಿರಬೇಕು. ಅಮೆರಿಕದ ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲೇ, ಕೃತಿಯ ಅರ್ಥ ಪುಟದ ಮೇಲೆ ಮೊದಲೇ ಸಿದ್ಧವಾಗಿ ಕೂತಿರುವುದಿಲ್ಲ, ಓದುವವರ ಬದುಕು ಮತ್ತು ಬರಹ ಎದುರುಬದುರಾದಾಗ ಹುಟ್ಟುತ್ತದೆ ಎಂದು ವಾದಿಸಿದ್ದರು. ಆಕೆ ಆ ಮಾತು ಹೇಳಿದ್ದು ಹರೆಯದವರಿಗೆ ಸಾಹಿತ್ಯ ಕಲಿಸುವ ಅಧ್ಯಾಪಕರನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಇದಕ್ಕೆ ಬರುವ ಮೊದಲ ಆಕ್ಷೇಪ ಗೊತ್ತಿರುವಂಥದ್ದೇ. ಹದಿನೈದರ ವಯಸ್ಸಿನವರಿಗೆ ಏನು ತಿಳಿಯುತ್ತದೆ, ಓದು ಪಕ್ವವಾದ ಮೇಲೆ ಅಭಿಪ್ರಾಯ ಹೇಳಲಿ ಎನ್ನುತ್ತಾರೆ. ಕಾದು ಕೂತರೆ ಪಕ್ವತೆ ಬರುತ್ತದೆ ಎಂಬ ಈ ನಂಬಿಕೆಯನ್ನು ಕೇಂಬ್ರಿಜ್ಜಿನಲ್ಲಿ ಐ.ಎ. ರಿಚರ್ಡ್ಸ್ ನಡೆಸಿದ ಪ್ರಯೋಗ ಸುಳ್ಳು ಮಾಡಿದೆ. ಕವಿಯ ಹೆಸರು ತೆಗೆದುಹಾಕಿದ ಕವಿತೆಗಳನ್ನು ಅವರು ವಿದ್ಯಾರ್ಥಿಗಳಿಗೆ ಹಂಚಿ, ಓದಿ ಅನಿಸಿದ್ದನ್ನು ಬರೆದುಕೊಡಲು ಹೇಳಿದರು. ಬಂದ ಬರಹಗಳನ್ನೆಲ್ಲ ವಿಶ್ಲೇಷಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಗ್ರಂಥವಾಗಿ ಪ್ರಕಟಿಸಿದರು. ಇಂಗ್ಲೆಂಡಿನ ಅತ್ಯುತ್ತಮ ಶಿಕ್ಷಣ ಪಡೆದಿದ್ದ ಆ ತರುಣ ತರುಣಿಯರು ಹೆಸರಿನ ಊರುಗೋಲು ಇಲ್ಲದಾಗ ತಡವರಿಸಿದರು, ಹೆಸರಾಂತ ಕವಿಗಳನ್ನು ತಿರಸ್ಕರಿಸಿ ಸಾಧಾರಣ ಪದ್ಯಗಳನ್ನು ಮೆಚ್ಚಿದರು, ಸರಳ ಅರ್ಥವನ್ನೇ ತಪ್ಪಾಗಿ ಗ್ರಹಿಸಿದರು. ಅವರಿಗೆ ಓದಿನ ಕೊರತೆ ಇರಲಿಲ್ಲ. ಯಾವ ಕೃತಿ ದೊಡ್ಡದು ಎಂಬುದು ಮೊದಲೇ ತಿಳಿದಿರುತ್ತಿದ್ದರಿಂದ ತಾವಾಗಿ ನಿರ್ಣಯಿಸುವ ಪ್ರಸಂಗವೇ ಒದಗಿರಲಿಲ್ಲ. ನಮ್ಮ ವಿದ್ಯಾರ್ಥಿಗಳ ಸ್ಥಿತಿ ಇದಕ್ಕಿಂತ ಉತ್ತಮ ಎನ್ನಲು ಕಾರಣಗಳಿಲ್ಲ. ಈಜು ಬಂದ ಮೇಲೆ ನೀರಿಗಿಳಿಯಲಿ ಎನ್ನುವಂತಾಯಿತು ಈ ಆಕ್ಷೇಪ.

ಹರೆಯದವರ ಕೈಗೆ ನಿಜವಾಗಿಯೂ ತೀರ್ಪಿನ ಅಧಿಕಾರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನಲ್ಲಿ ಮೂವತ್ತು ವರ್ಷ ಮೀರಿದ ಸಾಕ್ಷಿ ಇದೆ. ಅಲ್ಲಿನ ಅತಿ ದೊಡ್ಡ ಸಾಹಿತ್ಯ ಪ್ರಶಸ್ತಿ ಗೊಂಕೂರ್. ಅದನ್ನು ನಿರ್ಧರಿಸುವವರು ಹತ್ತು ಮಂದಿ ಲೇಖಕರ ಅಕಾಡೆಮಿ. 1988ರಲ್ಲಿ ರೆನ್ ನಗರದ ಶಿಕ್ಷಣ ಇಲಾಖೆ ಮತ್ತು ಪುಸ್ತಕ ಮಾರುವ ಫ್ನಾಕ್ ಸಂಸ್ಥೆ ಸೇರಿ, ಅಕಾಡೆಮಿಯ ಪಟ್ಟಿಯಲ್ಲಿರುವ ಕಾದಂಬರಿಗಳಿಂದಲೇ ಲೀಸೆ, ಅಂದರೆ ನಮ್ಮ ಹತ್ತರಿಂದ ಹನ್ನೆರಡನೇ ತರಗತಿಯ ವಯಸ್ಸಿನ ವಿದ್ಯಾರ್ಥಿಗಳು ಆರಿಸುವ ಇನ್ನೊಂದು ಗೊಂಕೂರ್ ಶುರು ಮಾಡಿದವು. ಪ್ರತಿ ವರ್ಷ ಐವತ್ತಕ್ಕೂ ಹೆಚ್ಚು ತರಗತಿಗಳ ಸುಮಾರು 2000 ವಿದ್ಯಾರ್ಥಿಗಳು ಎರಡು ತಿಂಗಳಲ್ಲಿ ಹನ್ನೆರಡು ಹದಿನೈದು ಹೊಸ ಕಾದಂಬರಿಗಳನ್ನು ಓದುತ್ತಾರೆ. ಇವರೆಲ್ಲ ಸಾಹಿತ್ಯದ ವಿದ್ಯಾರ್ಥಿಗಳಲ್ಲ. ತಾಂತ್ರಿಕ ಶಿಕ್ಷಣ, ವೃತ್ತಿ ಶಿಕ್ಷಣದ ತರಗತಿಗಳೂ ಇರುತ್ತವೆ. ತರಗತಿಯೊಳಗೆ ಚರ್ಚಿಸಿ, ಪ್ರತಿನಿಧಿಗಳನ್ನು ಕಳಿಸಿ, ಪ್ರಾಂತ್ಯ ಮಟ್ಟದಲ್ಲಿ ಮತ್ತೆ ವಾದಿಸಿ, ಕೊನೆಗೆ ರೆನ್‌ನಲ್ಲಿ ಮುಚ್ಚಿದ ಬಾಗಿಲ ಹಿಂದೆ ವಿದ್ಯಾರ್ಥಿಗಳೇ ತೀರ್ಮಾನಿಸುತ್ತಾರೆ. ಪಟ್ಟಿ ಅಕಾಡೆಮಿಯದು, ಹಾಗಾಗಿ ಇದು ಪೂರ್ತಿ ಸ್ವಂತ ಆಯ್ಕೆಯ ಓದು ಅಲ್ಲ ಎಂಬುದನ್ನು ಒಪ್ಪಬೇಕು. ತೀರ್ಪು ಮಾತ್ರ ಅಪ್ಪಟ ಅವರದೇ. ಅಕಾಡೆಮಿಯ ಆಯ್ಕೆಯೂ ಅವರದೂ ಒಂದೇ ಆದದ್ದುಂಟು, 1988ರಲ್ಲಿ ಎರಿಕ್ ಓರ್ಸೆನಾ, 1995ರಲ್ಲಿ ಆಂದ್ರೇ ಮಾಕೀನ್ ಎರಡೂ ಪಡೆದರು. ಸಾಮಾನ್ಯವಾಗಿ ಇಬ್ಬರ ದಾರಿ ಬೇರೆ.

ಆ ಬೇರೆ ದಾರಿ ಎತ್ತ ಹೋಯಿತು ಎಂಬುದನ್ನು ನೋಡಬೇಕು. 2018ರಲ್ಲಿ ವಿದ್ಯಾರ್ಥಿಗಳು ಆರಿಸಿದ್ದು ದಾವೀದ್ ದ್ಯೋಪ್ ಅವರ ಕಾದಂಬರಿಯನ್ನು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಹೋರಾಡಿದ ಸೆನೆಗಲ್ಲಿನ ಸೈನಿಕನೊಬ್ಬ ಗೆಳೆಯನ ಸಾವಿನ ನಂತರ ಕ್ರೌರ್ಯಕ್ಕೂ ಹುಚ್ಚಿಗೂ ಜಾರುವ ಕಥೆ ಅದು; ಚಿಕ್ಕದಾದರೂ ಸಲೀಸಾಗಿ ಓದಿಸಿಕೊಳ್ಳುವಂಥದ್ದಲ್ಲ. ಅದರ ಇಂಗ್ಲಿಷ್ ಅನುವಾದ ಮೂರು ವರ್ಷಗಳ ಬಳಿಕ, 2021ರಲ್ಲಿ, ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಬಾನು ಮುಷ್ತಾಕ್ ಅವರ ಕಥೆಗಳ ಮೂಲಕ 2025ರಲ್ಲಿ ಕನ್ನಡಕ್ಕೆ ಬಂದದ್ದು ಅದೇ ಪ್ರಶಸ್ತಿ. ಅಂದರೆ ಅನುಭವಿ ತೀರ್ಪುಗಾರರು ಲೋಕಮಟ್ಟದಲ್ಲಿ ಮನ್ನಣೆ ಕೊಡುವ ಮೊದಲೇ ಹದಿನಾರು ಹದಿನೇಳರ ಓದುಗರು ಆ ಕೃತಿಯ ತೂಕವನ್ನು ಗುರುತಿಸಿದ್ದರು. 2020ರಲ್ಲಿ ಅವರು ಮೆಚ್ಚಿದ್ದು ಕ್ಯಾಮರೂನಿನ ಲೇಖಕಿ ಜೈಲಿ ಅಮಾದು ಅಮಾಲ್ ಅವರ ಕಾದಂಬರಿಯನ್ನು. ಒಲ್ಲದ ಮದುವೆಗೆ ನೂಕಿಸಿಕೊಂಡ ಹೆಣ್ಣುಮಕ್ಕಳಿಗೆ ಮನೆಮಂದಿಯೆಲ್ಲ ತಾಳ್ಮೆಯ ಉಪದೇಶ ಮಾಡುವ ಕಥೆ. ಪ್ಯಾರಿಸ್ಸಿನ ಹುಡುಗನಿಗೂ ಲಿಯೋನಿನ ಹುಡುಗಿಗೂ ಆ ಬದುಕು ದೂರದ್ದು, ಆದರೂ ಅವರು ಅದನ್ನು ಆರಿಸಿದರು. ಬಾಲ್ಯವಿವಾಹದ ಪ್ರಕರಣಗಳು ಇನ್ನೂ ವರದಿಯಾಗುತ್ತಿರುವ ನಮ್ಮ ಜಿಲ್ಲೆಗಳ ಹುಡುಗಿಯರಿಗೆ ಅಂಥ ಕಾದಂಬರಿಯ ಬಗ್ಗೆ ಹೇಳಲು ಇನ್ನೂ ಎಷ್ಟಿರಬಹುದು. ಹರೆಯದವರ ಕೈಗೆ ಆಯ್ಕೆ ಕೊಟ್ಟರೆ ಹಗುರವಾದದ್ದನ್ನೇ ಎತ್ತಿಕೊಳ್ಳುತ್ತಾರೆ ಎಂಬ ಭಯಕ್ಕೆ ಈ ಪಟ್ಟಿಗಿಂತ ಒಳ್ಳೆಯ ಉತ್ತರ ಸಿಗದು.

ಆದರೂ ಹಗುರವಾದದ್ದನ್ನು ಎತ್ತಿಕೊಳ್ಳುವವರು ಇದ್ದೇ ಇರುತ್ತಾರೆ, ಇರಲಿ. ಕನ್ನಡದ ಓದುಗ ಸಮುದಾಯ ಕಟ್ಟಿಕೊಂಡ ಬಗೆಯೇ ಹಾಗಿದೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದ ಕಾಲದಿಂದ ಹಿಡಿದು, ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಕಾಲ, ಬಾಡಿಗೆ ಪುಸ್ತಕದಂಗಡಿಗಳಲ್ಲಿ ತ್ರಿವೇಣಿಯವರ ಕಾದಂಬರಿಗೆ ಸರದಿ ಹಚ್ಚುತ್ತಿದ್ದ ಕಾಲದವರೆಗೆ, ಗಂಭೀರ ಸಾಹಿತ್ಯಕ್ಕೆ ಓದುಗರನ್ನು ತಯಾರು ಮಾಡಿದ್ದು ಜನಪ್ರಿಯ ಕಾದಂಬರಿಗಳೇ. ಪತ್ತೇದಾರಿ ಓದಿದವರೆಲ್ಲ ‘ಮಲೆಗಳಲ್ಲಿ ಮದುಮಗಳು’ ಓದಲಿಲ್ಲ. ಓದಿದವರಲ್ಲಿ ಪತ್ತೇದಾರಿಯಿಂದ ಹೊರಟವರು ಬಹಳ ಮಂದಿ. ಒಂದೇ ಅಚ್ಚಿನ ಹತ್ತು ಪುಸ್ತಕ ಓದಿದವರಿಗೆ ಹನ್ನೊಂದನೆಯದರ ಕೊನೆ ಮೊದಲೇ ಗೊತ್ತಾಗಿಬಿಡುತ್ತದೆ. ಆ ಬೇಸರವನ್ನು ಗೆಳೆಯರ ಮುಂದೆ ಹೇಳಿಕೊಂಡಾಗ ‘ಹಾಗಾದರೆ ಇದನ್ನು ಓದಿ ನೋಡು’ ಎನ್ನುವ ಇನ್ನೊಂದು ಪುಸ್ತಕ ಕೈಗೆ ಬರುತ್ತದೆ. ಅಭಿರುಚಿ ಬೆಳೆಯುವುದು ಹೋಲಿಕೆಯಿಂದ. ಹೋಲಿಕೆಗೆ ಕಳಪೆ ಪುಸ್ತಕವೂ ಕೈಯಲ್ಲಿರಬೇಕು.

ತಂದೆತಾಯಿಗಳ ಆತಂಕ ಇದಕ್ಕಿಂತ ಗಂಭೀರ. ಪ್ರೇಮ, ಕಾಮ, ಜಾತಿ, ಧರ್ಮ, ಆತ್ಮಹತ್ಯೆ, ಇವೆಲ್ಲ ಕಾದಂಬರಿಗಳಲ್ಲಿ ಬರುತ್ತವೆ. ಮಕ್ಕಳು ಇವುಗಳ ಬಗ್ಗೆ ಶಾಲೆಯಲ್ಲಿ ಕೂತು ಮಾತಾಡಬೇಕೇ? ಅಶ್ಲೀಲದ ಆರೋಪ ಕನ್ನಡ ಕಾದಂಬರಿಗೆ ಹೊಸದಲ್ಲ. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದಾಗ ಅ.ನ.ಕೃ. ಅವರ ಮೇಲೆ ಬಂದ ದೂರುಗಳು ಎಷ್ಟಿದ್ದವೆಂದರೆ ಅವರು ಉತ್ತರವಾಗಿ ಒಂದು ಪುಸ್ತಕವನ್ನೇ ಬರೆಯಬೇಕಾಯಿತು. ಆ ಕಾಲದಲ್ಲಿ ಪುಸ್ತಕವನ್ನು ಬಚ್ಚಿಡಬಹುದಿತ್ತು. ಈಗ ಹದಿನಾಲ್ಕರ ಹುಡುಗನ ಕೈಯಲ್ಲಿರುವ ಮೊಬೈಲು ಯಾವ ಕಾದಂಬರಿಯೂ ತೋರಿಸದ್ದನ್ನು ಯಾವ ಅರ್ಥವೂ ಇಲ್ಲದೆ ತೋರಿಸುತ್ತದೆ. ಕಾದಂಬರಿ ಅದನ್ನೇ ಒಂದು ಬದುಕಿನ ನಡುವೆ, ಹಿಂದುಮುಂದುಗಳೊಡನೆ, ಪರಿಣಾಮಗಳೊಡನೆ ಇಡುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದ ಹುಡುಗಿಗೆ ಬಾಲವಿಧವೆಯ ಬಾಳು ಏನಿತ್ತು ಎಂಬುದು ಇಸವಿ ಮತ್ತು ಕಾಯ್ದೆಗಳ ಪಾಠದಿಂದ ತಿಳಿಯದಷ್ಟು ತಿಳಿಯುತ್ತದೆ. ಅದನ್ನು ಓದಿ ಎದೆ ಭಾರ ಮಾಡಿಕೊಂಡ ಮಗು ಒಂಟಿಯಾಗಿ ಇರುವುದಕ್ಕಿಂತ ನಾಲ್ವರೊಡನೆ ಹೇಳಿಕೊಳ್ಳುವುದು ಕ್ಷೇಮ. ಹಾಗೆಂದು ಎಲ್ಲವನ್ನೂ ಎಲ್ಲರೂ ಬಾಯಿಬಿಟ್ಟು ಹೇಳಲೇಬೇಕೆಂದು ಒತ್ತಾಯಿಸುವುದೂ ತಪ್ಪು. ತನಗೇ ಹತ್ತಿರವಾದ ನೋವು ಪುಸ್ತಕದಲ್ಲಿದ್ದರೆ ಮಗುವಿಗೆ ಸುಮ್ಮನಿರುವ ಹಕ್ಕಿದೆ. ಕಪಾಟಿನಲ್ಲಿ ಯಾವ ವಯಸ್ಸಿಗೆ ಯಾವುದು ಎಂಬ ವಿವೇಚನೆ ಗ್ರಂಥಪಾಲಕರಿಗೂ ಮೇಷ್ಟ್ರಿಗೂ ಇರಲೇಬೇಕು. ಆದರೆ ಒಂದು ದೂರು ಬಂತೆಂದು ಇಡೀ ಕಪಾಟಿಗೆ ಬೀಗ ಹಾಕುವುದಕ್ಕೆ ವಿವೇಚನೆ ಎನ್ನಲಾಗದು.

ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ನೀಟ್ ಇವುಗಳ ನಡುವೆ ಸಮಯ ಎಲ್ಲಿದೆ ಎಂಬ ಮಾತಿಗೆ ಹೆಚ್ಚು ಹೇಳಬೇಕಿಲ್ಲ. ವಾರಕ್ಕೊಂದು ಪೀರಿಯಡ್ಡು, ಅದೂ ಎಷ್ಟೋ ಶಾಲೆಗಳಲ್ಲಿ ವೇಳಾಪಟ್ಟಿಯಲ್ಲಿ ಗ್ರಂಥಾಲಯ ಎಂದು ಬರೆದು ಗಣಿತಕ್ಕೆ ಬಿಟ್ಟುಕೊಡುವ ಪೀರಿಯಡ್ಡನ್ನೇ ವಾಪಸು ಕೊಟ್ಟರೆ ಸಾಕು. ನೀಟ್ ಪ್ರಶ್ನೆಯ ಉದ್ದದ ವಾಕ್ಯವನ್ನು ಅರ್ಥಮಾಡಿಕೊಳ್ಳುವುದಕ್ಕೂ ಓದುವ ಸಾಮರ್ಥ್ಯವೇ ಬೇಕು.

ನಿಜವಾಗಿ ಕಷ್ಟದ ಆಕ್ಷೇಪ ಬೇರೆಯದು. ಆಯ್ಕೆ ಎನ್ನಲು ಆಯಲು ಏನಾದರೂ ಇರಬೇಕಲ್ಲ? ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿ, ಪ್ರತಿ ಶಾಲೆಯಲ್ಲೂ ಪತ್ರಿಕೆಗಳು, ಎಲ್ಲ ವಿಷಯಗಳ ಪುಸ್ತಕಗಳು, ಕಥೆ ಪುಸ್ತಕಗಳೂ ಇರುವ ಗ್ರಂಥಾಲಯ ಇರಬೇಕು ಎನ್ನುತ್ತದೆ. ಆ ಕಾಯ್ದೆ ಅನ್ವಯಿಸುವುದು 14 ವರ್ಷದವರೆಗೆ, ಎಂಟನೇ ತರಗತಿಗೆ ಅದು ಮುಗಿಯುತ್ತದೆ. ಕಥೆಯಿಂದ ಕಾದಂಬರಿಗೆ ದಾಟುವ ವಯಸ್ಸಿನಲ್ಲೇ ಹಕ್ಕು ನಿಂತುಹೋಗುತ್ತದೆ. ಹೈಸ್ಕೂಲುಗಳಲ್ಲಿ ಪುಸ್ತಕಗಳು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಬೀಗದೊಳಗೆ ಇರುವುದು ಸಾಮಾನ್ಯ ದೃಶ್ಯ; ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಮೇಷ್ಟ್ರಾದ್ದರಿಂದ ಅವರನ್ನು ದೂರಿ ಫಲವಿಲ್ಲ, ಓದಿ ಹರಿದ ಪುಸ್ತಕವನ್ನು ನಷ್ಟವೆಂದು ಬರೆದುಕೊಳ್ಳುವ ನಿಯಮವೇ ಬದಲಾಗಬೇಕು. ಇತ್ತ ಕರ್ನಾಟಕದಲ್ಲಿ ಆದ ಒಂದು ಒಳ್ಳೆಯ ಕೆಲಸವನ್ನು ಹೇಳಲೇಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ‘ಅರಿವು ಕೇಂದ್ರ’ಗಳೆಂದು ಈಗ ಕರೆಯುವ ಇಂಥ ಗ್ರಂಥಾಲಯಗಳು 5000ಕ್ಕೂ ಹೆಚ್ಚಿವೆ. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕಪಾಟು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಕಪಾಟಿನಲ್ಲಿ ಏನಿರಬೇಕೆಂದು ಓದುವ ಮಗುವನ್ನು ಕೇಳುವ ಪದ್ಧತಿ ಇನ್ನೂ ಇಲ್ಲ. ಸಗಟು ಖರೀದಿಯಲ್ಲಿ ಯಾವ ಪುಸ್ತಕ ಕೊಳ್ಳಬೇಕೆಂದು ನಿರ್ಧರಿಸುವವರು ಹಿರಿಯರ ಸಮಿತಿ. ದಾನವಾಗಿ ಬರುವುದು ಕೊಟ್ಟವರ ಮನೆಯಲ್ಲಿ ಬೇಡವಾದದ್ದು. ಪ್ರತಿ ಅರಿವು ಕೇಂದ್ರದಲ್ಲೂ ಹರೆಯದ ಓದುಗರು ಕೂಡಿ ವರ್ಷಕ್ಕೆ ಹತ್ತು ಕಾದಂಬರಿಗಳ ಬೇಡಿಕೆ ಪಟ್ಟಿ ಬರೆದುಕೊಡಲಿ, ಪಂಚಾಯಿತಿ ಅದರಲ್ಲಿ ಐದನ್ನಾದರೂ ತರಿಸಲಿ. ಗ್ರಂಥಾಲಯ ಕರ ಎಂದು ನಾವು ಆಸ್ತಿ ತೆರಿಗೆಯ ಜೊತೆ ಕಟ್ಟುವ ಹಣದಲ್ಲಿ ಇದು ಲೆಕ್ಕಕ್ಕೇ ಬರದ ಖರ್ಚು. ತನ್ನ ಪಟ್ಟಿಯ ಪುಸ್ತಕ ನಿಜವಾಗಿಯೂ ಬಂತು ಎಂದು ಕಂಡ ಮಗುವಿಗೆ ತನ್ನ ಅಭಿಪ್ರಾಯಕ್ಕೆ ಬೆಲೆಯಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇದನ್ನು ನಾವು ಹೇಗೆ ಕೆಡಿಸಬಹುದು ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುತ್ತೋಲೆ ಹೊರಡುತ್ತದೆ, ಪುಸ್ತಕ ವಿಮರ್ಶೆ ಸ್ಪರ್ಧೆ ಏರ್ಪಾಡಾಗುತ್ತದೆ, ಶಾಲಾ ಮಟ್ಟ, ಕ್ಲಸ್ಟರ್ ಮಟ್ಟ, ತಾಲ್ಲೂಕು ಮಟ್ಟ, ಪ್ರಥಮ, ದ್ವಿತೀಯ, ತೃತೀಯ, ಪ್ರಮಾಣಪತ್ರ, ಶಾಲು, ಮುಖ್ಯ ಅತಿಥಿಗಳ ಅರ್ಧ ಗಂಟೆಯ ಭಾಷಣ. ಎರಡನೇ ವರ್ಷದಿಂದ ಮೇಷ್ಟ್ರು ಬರೆದುಕೊಟ್ಟದ್ದನ್ನು ಮಕ್ಕಳು ಒಪ್ಪಿಸತೊಡಗುತ್ತಾರೆ. ಸ್ಪರ್ಧೆ ಎಂದ ಕೂಡಲೇ ಬಹುಮಾನ ಗೆಲ್ಲುವ ಅಭಿಪ್ರಾಯ ಯಾವುದು ಎಂಬ ಲೆಕ್ಕಾಚಾರ ಶುರುವಾಗುತ್ತದೆ, ‘ಇಷ್ಟವಾಗಲಿಲ್ಲ’ ಎನ್ನುವ ಮಾತು ಅಲ್ಲಿಗೆ ಸತ್ತಂತೆ. ಇಂಥ ಕೂಟಕ್ಕೆ ಬೇಕಾದದ್ದು ಬಹಳ ಕಡಿಮೆ: ಎಂಟು ಹತ್ತು ಮಂದಿ ನೆಲದ ಮೇಲೆ ಸುತ್ತ ಕೂರುವಷ್ಟು ಜಾಗ, ಕೈಯಲ್ಲಿ ಓದಿದ ಪುಸ್ತಕ, ಮತ್ತು ಬಾಯಿ ಕಟ್ಟಿಕೊಂಡು ಕೂರಬಲ್ಲ ಒಬ್ಬ ದೊಡ್ಡವರು. ಇಂಗ್ಲೆಂಡಿನ ಲೇಖಕ, ಅಧ್ಯಾಪಕ ಏಡನ್ ಚೇಂಬರ್ಸ್ ಮಕ್ಕಳೊಡನೆ ಪುಸ್ತಕ ಮಾತಾಡುವ ಬಗೆಯನ್ನು ಕುರಿತು 1993ರಲ್ಲಿ ಬರೆದ ಪುಸ್ತಕದಲ್ಲಿ ನಾಲ್ಕು ಸರಳ ಪ್ರಶ್ನೆಗಳಿಂದ ಆರಂಭಿಸಬಹುದು ಎನ್ನುತ್ತಾರೆ. ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಏನು ಅರ್ಥವಾಗದೆ ಗೊಂದಲವಾಯಿತು, ಏನು ಮತ್ತೆ ಮತ್ತೆ ಬಂದಂತೆ ಕಂಡಿತು. ‘ಏಕೆ’ ಎಂದು ನೇರವಾಗಿ ಕೇಳಬೇಡಿ, ಮಗು ವಿಚಾರಣೆಗೆ ಒಳಗಾದಂತೆ ಬೆದರುತ್ತದೆ ಎಂಬುದು ಅವರ ಸಲಹೆ. ನಮ್ಮ ತರಗತಿಗಳಲ್ಲಿ ಕೂತವರಿಗೆ ಈ ಮಾತಿನ ಸತ್ಯ ಗೊತ್ತು. ಫ್ರಾನ್ಸಿನ ದಾನಿಯೆಲ್ ಪೆನಾಕ್ ಎಂಬ ಮೇಷ್ಟ್ರು 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ಓದದಿರುವ ಹಕ್ಕು, ಪುಟ ಹಾರಿಸುವ ಹಕ್ಕು, ಅರ್ಧಕ್ಕೆ ಬಿಡುವ ಹಕ್ಕು ಇದ್ದವು. ಅರ್ಧಕ್ಕೆ ಬಿಟ್ಟವರೂ ಈ ಕೂಟಕ್ಕೆ ಬರಲಿ, ಎಲ್ಲಿ ಬಿಟ್ಟರು ಎಂದು ಹೇಳಲಿ. ದೊಡ್ಡವರು ಕೇಳಬಹುದಾದ ಒಂದೇ ಒಂದು ಕಟ್ಟುನಿಟ್ಟಿನ ಪ್ರಶ್ನೆಯೆಂದರೆ ‘ಯಾವ ಪುಟ, ಓದಿ ತೋರಿಸು’. ಗೈಡಿನಿಂದ ಬಂದ ಅಭಿಪ್ರಾಯ ಈ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ.

ಭಾಷೆಯ ಮಾತು ಉಳಿದಿದೆ. ನಗರಗಳ ಹುಡುಗ ಹುಡುಗಿಯರು ಓದುವುದು ಇಂಗ್ಲಿಷ್ ಕಾದಂಬರಿಗಳನ್ನು, ಹ್ಯಾರಿ ಪಾಟರ್, ಪರ್ಸಿ ಜ್ಯಾಕ್ಸನ್ ದಾಟಿ ಕಾಲೀನ್ ಹೂವರ್‌ವರೆಗೆ. ಅವರಿಗೆ ಸ್ವಾತಂತ್ರ್ಯ ಕೊಟ್ಟರೆ ಕನ್ನಡ ಇನ್ನಷ್ಟು ಹಿಂದೆ ಬೀಳುತ್ತದೆ ಎಂದು ಕನ್ನಡದ ಬಗ್ಗೆ ಕಾಳಜಿಯುಳ್ಳವರೇ ಹೇಳುತ್ತಾರೆ. ಈ ಚಿಂತೆಗೆ ಕಾರಣವಿದೆ, ಪರಿಹಾರ ಮಾತ್ರ ಹೇರಿಕೆಯಲ್ಲಿಲ್ಲ. ಇಂಗ್ಲಿಷಿನಲ್ಲಿ ಓದಿದ್ದರ ಬಗ್ಗೆ ಕನ್ನಡದಲ್ಲಿ ವಾದ ಮಾಡಲಿ. ತಾನು ಮೆಚ್ಚಿದ ಕಾದಂಬರಿಯನ್ನು ಅದನ್ನು ಓದದ ಗೆಳತಿಗೆ ಕನ್ನಡದಲ್ಲಿ ಒಪ್ಪಿಸಬೇಕಾದ ಹುಡುಗಿ ಭಾವನೆಗೆ, ಅನುಮಾನಕ್ಕೆ, ಸಿಟ್ಟಿಗೆ ಕನ್ನಡದ ಮಾತು ಹುಡುಕುತ್ತಾಳೆ. ಕನ್ನಡ ಮಾಧ್ಯಮದಿಂದ ಬಂದ ಗೆಳತಿಗೆ ಇಂಗ್ಲಿಷಿನಲ್ಲಿ ಏನಿದೆ ಎಂಬುದೂ ತಿಳಿಯುತ್ತದೆ. ಹೀಗೆ ಒಂದೇ ಸುತ್ತಿನಲ್ಲಿ ‘ಜುಗಾರಿ ಕ್ರಾಸ್’ ಓದಿದವರೂ ಇಂಗ್ಲಿಷ್ ಥ್ರಿಲ್ಲರ್ ಓದಿದವರೂ ಕೂತರೆ ಎರಡೂ ಪುಸ್ತಕಗಳು ಕೈಬದಲಾಯಿಸುವುದು ಖಂಡಿತ.

ಇನ್ನೊಂದು ಕಾರಣಕ್ಕೂ ಕನ್ನಡಕ್ಕೆ ಈ ಓದುಗರ ಮಾತು ಬೇಕು. ನಮ್ಮಲ್ಲಿ ಮಕ್ಕಳ ಕಥೆಗಳಿವೆ, ‘ಪರ್ವ’ದಂಥ ಬೃಹತ್ ಕಾದಂಬರಿಗಳಿವೆ, ನಡುವೆ ಹದಿಮೂರರಿಂದ ಹದಿನೆಂಟರವರಿಗೆಂದೇ ಬರೆದ ಕಾದಂಬರಿಗಳ ಕಪಾಟು ಬಡವಾಗಿದೆ. ಒಳ್ಳೆಯವು ಇಲ್ಲವೆಂದಲ್ಲ. ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’, ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕೃತಿಗಳು. ಆ ಪುರಸ್ಕಾರ ತೀರ್ಮಾನಿಸಿದವರೆಲ್ಲ ಹಿರಿಯರು. ಪತ್ರಿಕೆಗಳಲ್ಲಿ ಇಂಥ ಪುಸ್ತಕಗಳ ವಿಮರ್ಶೆ ಬರೆಯುವವರೂ ಹಿರಿಯರೇ. ಹದಿನಾಲ್ಕರ ಹುಡುಗಿ ಆ ಕಾದಂಬರಿಯನ್ನು ಒಂದೇ ಉಸಿರಿಗೆ ಮುಗಿಸಿದಳೋ, ನಲವತ್ತನೇ ಪುಟದಲ್ಲಿ ಮಡಿಸಿ ಇಟ್ಟಳೋ, ಯಾವ ಪಾತ್ರದ ಮಾತು ನಮ್ಮ ವಯಸ್ಸಿನವರ ಮಾತಲ್ಲ ಎಂದುಕೊಂಡಳೋ, ಇದು ಲೇಖಕರಿಗಾಗಲಿ ಪ್ರಕಾಶಕರಿಗಾಗಲಿ ತಲುಪುವ ದಾರಿ ಇಲ್ಲ. ಯಾರು ಯಾವ ಪುಸ್ತಕ ಒಯ್ದರು, ಯಾವತ್ತು ಹಿಂದಿರುಗಿಸಿದರು ಎಂದು ಬರೆಯುವ ವಹಿ ಪ್ರತಿ ಗ್ರಂಥಾಲಯದಲ್ಲೂ ಇದೆ. ಅದೇ ವಹಿಯಲ್ಲಿ, ಬಯಸಿದವರು ಹೆಸರಿಲ್ಲದೆ ಬರೆಯಬಹುದಾದ ಇನ್ನೊಂದು ಅಂಕಣ ಸೇರಿಸಿ, ವರ್ಷಕ್ಕೊಮ್ಮೆ ಅದರಲ್ಲಿರುವುದನ್ನು ಒಟ್ಟುಮಾಡಿ ಪುಸ್ತಕ ಆಯ್ಕೆ ಸಮಿತಿಗೂ ಕನ್ನಡದ ಪ್ರಕಾಶಕರಿಗೂ ಕಳಿಸಲು ಹೊಸ ಯೋಜನೆಯಾಗಲಿ ಹೊಸ ಅನುದಾನವಾಗಲಿ ಬೇಕಾಗಿಲ್ಲ. ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಶುರು ಮಾಡಬಹುದು.